ನಿಧಾನ ತಿರುಗುವ ಮೋಟಾರು

ನನ್ನ ಬಲಗೈ ಮುರಿದದ್ದು ಬಸ್ಸಿನಿಂದ ಇಳಿಯುವಾಗ. ರಾಯಚೂರಿನಿಂದ ಬಂದ ಬಸ್ಸು ಮಾನ್ವಿಯಲ್ಲಿ ಪೂರ್ತಿ ನಿಲ್ಲುವ ಮೊದಲೇ ಇಳಿದೆ. ತಪ್ಪು ನನ್ನದೇ. ಎಲುಬು ಕೂಡಿಸುವವನು ತತ್ತಿ ಹಚ್ಚಿ, ಬಿದಿರಿನ ದಬ್ಬೆ ಇಟ್ಟು ಕಟ್ಟಿದ. ಎಲುಬು ಕೂಡಿತು, ಸೊಟ್ಟ ಕೂಡಿತು. ತುತ್ತು ಬಾಯಿಗೆ ಬರುತ್ತಿತ್ತು. ತಲೆ ಬಾಚಿಕೊಳ್ಳಲು ಆಗುತ್ತಿರಲಿಲ್ಲ, ನೂಲುವ ರಾಟಿ ತಿರುಗಿಸಲು ಆಗುತ್ತಿರಲಿಲ್ಲ. ತಲೆ ಬಾಚದಿದ್ದರೆ ಯಾರೂ ಸಾಯುವುದಿಲ್ಲ. ರಾಟಿ ತಿರುಗದಿದ್ದರೆ ನಾನು ಮಾನ್ವಿ ಬಿಡಬೇಕಿತ್ತು.

ಶಕ್ತಿನಗರದಲ್ಲಿ ಕರೆಂಟಿನ ಚಿಮಣಿಗಳು ಏಳುತ್ತಿದ್ದ ಕಾಲ ಅದು. ಇಸವಿ ಕೇಳಿದರೆ ಎಂಬತ್ತು ದಾಟಿತ್ತು ಎನ್ನಬಹುದು, ಅಷ್ಟೇ. ಗಂಡ ತೀರಿ ಹತ್ತು ವರ್ಷದ ಮೇಲಾಗಿತ್ತು. ಮಕ್ಕಳಿಲ್ಲ. ಒಂದು ಕೋಣೆಯ ಮನೆ, ಒಂದು ಬಲ್ಬು, ಒಂದು ರಾಟಿ. ನಮ್ಮದು ಕುರಿ ಕಾಯುವ ಜನ. ಗಂಡಸರು ಉಣ್ಣೆ ಕತ್ತರಿಸುತ್ತಾರೆ, ಹೆಂಗಸರು ನೂಲುತ್ತಾರೆ, ಮಗ್ಗ ಇದ್ದವರು ಕಂಬಳಿ ನೇಯುತ್ತಾರೆ. ನಮ್ಮ ಓಣಿಯಲ್ಲಿ ಮಗ್ಗ ಇದ್ದ ಮುದುಕನನ್ನು ನಾನು ಮಾವ ಎನ್ನುತ್ತಿದ್ದೆ, ಸಂಬಂಧ ಏನೂ ಇರಲಿಲ್ಲ. ಅವನು ಉಣ್ಣೆ ಕೊಡುತ್ತಿದ್ದ, ನಾನು ನೂಲು ಕೊಡುತ್ತಿದ್ದೆ. ನನ್ನ ಜೋಳ, ಎಣ್ಣೆ ಅದರಲ್ಲೇ ನಡೆಯುತ್ತಿತ್ತು.

ರಾಟಿ ಕಾಣದವರಿಗೆ ಹೇಳುತ್ತೇನೆ. ಬಲಗೈಯಿಂದ ದೊಡ್ಡ ಗಾಲಿ ತಿರುಗಿಸಬೇಕು. ಗಾಲಿಯ ಮೇಲಿನ ದಾರ ಹೋಗಿ ಕದಿರನ್ನು ತಿರುಗಿಸುತ್ತದೆ. ಕದಿರು ಅಂದರೆ ಚೂಪು ತುದಿಯ ಕಬ್ಬಿಣದ ಕಡ್ಡಿ. ಎಡಗೈಯಲ್ಲಿ ಉಣ್ಣೆ ಹಿಡಿದು ಆ ತುದಿಯಿಂದ ಎಳೆಯುತ್ತ ಹೋದರೆ ಹುರಿ ಬಿದ್ದು ನೂಲಾಗುತ್ತದೆ. ಎಡಗೈ ಎಳೆದಷ್ಟೇ ಬಲಗೈ ತಿರುಗಿಸಬೇಕು. ಹೆಚ್ಚಾದರೆ ನೂಲು ಗಂಟುಗಂಟಾಗುತ್ತದೆ, ಕಡಿಮೆಯಾದರೆ ಹರಿಯುತ್ತದೆ. ಮಾಡುವವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಬಲಗೈ ಹೋದ ಮೇಲೆ ನನಗೆ ಲೆಕ್ಕಕ್ಕೆ ಬಂತು.

ಕೈ ಕಟ್ಟಿಸಿಕೊಂಡಿದ್ದ ಒಂದೂವರೆ ತಿಂಗಳು ದೇವದುರ್ಗದಲ್ಲಿ ಅಣ್ಣನ ಮನೆಯಲ್ಲಿದ್ದೆ. ಅಣ್ಣ ಒಳ್ಳೆಯವನು. ಅತ್ತಿಗೆಯೂ ಕೆಟ್ಟವಳಲ್ಲ. ಹಸಿವಾಗುವ ಮೊದಲೇ ಗಂಗಾಳ ತಂದು ಮುಂದಿಡುತ್ತಿದ್ದಳು, ಉಂಡ ಕೂಡಲೇ ಎತ್ತಿಕೊಂಡು ಹೋಗುತ್ತಿದ್ದಳು. ಎಡಗೈಯಲ್ಲಿ ಕಸಬರಿಗೆ ಹಿಡಿದರೆ ಕಸಿದುಕೊಳ್ಳುತ್ತಿದ್ದಳು. ಮನೆಗೆ ಬಂದವರು ನನ್ನ ಕೈಯ ಸುದ್ದಿಯನ್ನು ನನ್ನನ್ನು ಕೇಳುತ್ತಿರಲಿಲ್ಲ. "ಈಕಿ ಕೈ ಈಗ ಹ್ಯಾಂಗದ?" ಅಂತ ಅವಳನ್ನು ಕೇಳುತ್ತಿದ್ದರು. ನಾನು ಅಲ್ಲೇ ಕೂತಿರುತ್ತಿದ್ದೆ. ಯಾರೂ ನನಗೆ ಒಂದು ಮಾತು ಅನ್ನಲಿಲ್ಲ. ಆದರೂ ಮಾನ್ವಿಯಲ್ಲಿ ಒಬ್ಬಳೇ ಇರುವುದೇ ಮೇಲು ಅಂತ ನಿಶ್ಚಯ ಮಾಡಿದೆ.

ಬಸ್ಸಿಗೆ ಹತ್ತಿಸುವಾಗ ಅಣ್ಣ ಅಂದ, "ಯುಗಾದಿ ತನಕ ನೋಡು ಬೇ ತಂಗಿ. ಆಗಲಿಲ್ಲಂದ್ರ ನಾನೇ ಬಂದು ಕರಕೊಂಡು ಬರ್ತೀನಿ. ನಿನ್ನ ಎರಡು ರೊಟ್ಟಿ ನಮಗೇನು ಭಾರಲ್ಲ."

ಆ ಎರಡು ರೊಟ್ಟಿಯೇ ನನಗೆ ಬೇಡವಾಗಿತ್ತು. ಯುಗಾದಿಗೆ ನಾಲ್ಕು ತಿಂಗಳಿತ್ತು.

ನಮ್ಮ ಓಣಿಯ ಹೆಂಗಸರು ಮಧ್ಯಾಹ್ನ ಉಂಡು, ಬೀರಪ್ಪನ ಗುಡಿ ಕಟ್ಟೆಯ ಮೇಲೆ ಬೇವಿನ ನೆರಳಿಗೆ ಸಾಲಾಗಿ ರಾಟಿ ಇಟ್ಟುಕೊಂಡು ಕೂಡುತ್ತಿದ್ದರು. ಏಳೆಂಟು ರಾಟಿ. ಇಪ್ಪತ್ತು ವರ್ಷ ನಾನೂ ಆ ಸಾಲಿನಲ್ಲಿ ಕೂತವಳು. ನನ್ನ ಬಾಜೂ ಕೂಡುತ್ತಿದ್ದವಳು ನನ್ನ ಗೋಡೆಗೆ ಗೋಡೆ ಹತ್ತಿದ ಮನೆಯವಳು. ಬಾಯಿ ಜೋರು. ನಾನು ಬಂದ ಮರುದಿನ ಅವಳು ತನ್ನ ರಾಟಿ ಬಿಟ್ಟು ನನ್ನ ಗಾಲಿ ತಿರುಗಿಸಲು ಬಂದಳು. ಅವಳು ತಿರುಗಿಸುವುದು, ನಾನು ಎಳೆಯುವುದು. ನೂಲು ಮತ್ತೆ ಮತ್ತೆ ಹರಿಯಿತು.

"ನಿನ್ನ ಕೈಗೂ ನನ್ನ ಕೈಗೂ ಕೂಡಿ ಬರಂಗಿಲ್ಲ ಬಿಡು ಬೇ," ಅಂದಳು.

"ನೀ ಎಮ್ಮಿ ಹೊಡದಂಗ ತಿರುಗಸ್ತಿ."

"ಎಮ್ಮಿ ಬಾಜೂಕ ಕುಂತದಲ್ಲ, ಅದಕ್ಕ."

ಸಾಲಿನವರೆಲ್ಲ ನಕ್ಕರು. ನಾನೂ ನಕ್ಕೆ. ಮೂರು ದಿನ ಹೀಗೆ ನಡೆಯಿತು. ಆ ಮೂರು ದಿನ ಅವಳ ನೂಲು ಅವಳ ಮನೆಗೆ ಹೋಗಲಿಲ್ಲ. ನಾಲ್ಕನೇ ದಿನ ನಾನೇ ಬೇಡ ಅಂದೆ. ಅವಳು ಎರಡು ಸಲ ಕೇಳಲಿಲ್ಲ.

ಮಾನ್ವಿ ಬಜಾರಿನಲ್ಲಿ ಒಬ್ಬ ಟೇಲರ್ ತನ್ನ ಹೊಲಿಗೆ ಮಿಷನ್ನಿಗೆ ಕರೆಂಟಿನ ಮೋಟಾರು ಹಾಕಿಸಿದ್ದ. ಕಾಲ ಕೆಳಗೆ ಇಟ್ಟಿಗೆಯಂಥ ಒಂದು ಪೆಡಲು. ಮೆತ್ತಗೆ ಒತ್ತಿದರೆ ಮಿಷನ್ನು ಮೆತ್ತಗೆ, ಜೋರು ಒತ್ತಿದರೆ ಜೋರು. ನಾನು ಅವನ ಅಂಗಡಿ ಮುಂದೆ ಬಹಳ ಹೊತ್ತು ನಿಂತೆ.

"ಏನು ಬೇಕಾಗಿತ್ತವ್ವಾ?" ಅಂದ.

"ಏನಿಲ್ಲ. ನಿನ್ನ ಕಾಲು ನೋಡಾಕತ್ತೀನಿ."

ಅವನು ಕಾಲು ಹಿಂದಕ್ಕೆ ಎಳೆದುಕೊಂಡ. ಆಮೇಲೆ ವಿಷಯ ಹೇಳಿದೆ. ರಾಯಚೂರಿನಲ್ಲಿ ತೀನ್ ಕಂದೀಲ್ ಹತ್ತಿರ ಮೋಟಾರು ಕಟ್ಟುವ ಒಬ್ಬ ಮಿಸ್ತ್ರಿ ಇದ್ದಾನೆ, ಅಲ್ಲಿಗೆ ಹೋಗು ಅಂದ.

ಮಿಸ್ತ್ರಿ ನನ್ನ ವಯಸ್ಸಿನವನು. ಗಡ್ಡದಲ್ಲಿ ತಾಮ್ರದ ತಂತಿಯ ಚೂರು. ಅಂಗಡಿ ಅಂದರೆ ಒಂದು ಗೂಡು, ಒಳಗೆ ಹೊಟ್ಟೆ ಬಿಚ್ಚಿದ ಮೋಟಾರುಗಳು. ನಾನು ಹೋದ ಕೂಡಲೇ ಅವನು ಹೊಲದ ಪಂಪಿನ ಮೋಟಾರು ತೋರಿಸಿದ.

"ಹೊಲ ಎಷ್ಟದ ಅಮ್ಮಾ?"

"ಹೊಲಿಲ್ಲ. ರಾಟಿ ತಿರುಗಸಬೇಕು."

"ರಾಟಿಗೆ ಮೋಟಾರಾ? ಏನು ಎಳೀಬೇಕು ಅದು?"

"ಒಂದು ಎಳಿ ನೂಲು."

ಅವನು ನಕ್ಕ. "ಒಂದು ಎಳಿಗೆ ಮೋಟಾರು ಕೇಳಿದಾಕಿ ನೀನೇ ಮೊದಲು. ಜೋರು ಬೇಕಾ, ತಾಕತ್ತು ಬೇಕಾ? ಅದು ಹೇಳು."

"ನಿಧಾನ ಬೇಕು."

"ನಿಧಾನಾ?"

"ಹೂಂ. ನಾ ಎಳದಷ್ಟೇ ತಿರುಗಬೇಕು. ನಾ ನಿಂತ್ರ ನಿಲ್ಲಬೇಕು. ಉಣ್ಯಾಗ ಗಂಟು ಬಂದ್ರ ಹೆದರಿ ನಿಲ್ಲಬಾರದು, ಮತ್ತ ಜಿಗೀಲೂಬಾರದು."

ಅವನು ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟ. "ಜೋರು ತಿರುಗಸೋದು ಯಾರಾದ್ರೂ ಮಾಡ್ತಾರ ಅಮ್ಮಾ. ನಿಧಾನ ತಿರುಗಸೋದು ಭಾಳ ಫಜೀತಿ," ಅಂದ.

ಮೊದಲ ಸಲ ನಾನು ತಂದದ್ದು ಮೇಜಿನ ಫ್ಯಾನಿನ ಮೋಟಾರು. ಅದಕ್ಕೆ ಐದು ಅಂಕಿಯ ರೆಗ್ಯುಲೇಟರು ಇತ್ತು. ಗೋಡೆಗೆ ಇರುವಂಥದ್ದೇ, ಗುಂಡಿ ತಿರುವಿದರೆ ಹೆಚ್ಚು ಕಡಿಮೆ. ಸದ್ದು ಇಲ್ಲವೇ ಇಲ್ಲ. ಅದು ನನಗೆ ಹಿಡಿಸಿತು. ಆಗದಿದ್ದರೆ ವಾಪಸ್ ತಾ ಅಂದ ಮಿಸ್ತ್ರಿ. ಚೀಲದಲ್ಲಿ ಹಾಕಿಕೊಂಡು ಮಾನ್ವಿ ಬಸ್ಸು ಹತ್ತಿದೆ. ಕಂಡಕ್ಟರು ಚೀಲಕ್ಕೆ ಕಾಲು ತಾಗಿಸಿ ನೋಡಿದ.

"ಏನಿದು, ಕುಂಬಳಕಾಯಿ?"

"ಮೋಟಾರು."

"ಎಷ್ಟು ಎಕರೆಗೆ?"

"ಒಂದು ಕೈಗೆ," ಅಂದೆ. ಅವನಿಗೆ ತಿಳಿಯಲಿಲ್ಲ, ಮುಂದೆ ಹೋದ.

ಮನೆಯಲ್ಲಿ ಪ್ಲಗ್ಗು ಇರಲಿಲ್ಲ. ಬಲ್ಬು ತೆಗೆದು ಅದರ ಹೋಲ್ಡರಿಗೆ ವೈರು ಸಿಕ್ಕಿಸಿದೆ. ಅಂದರೆ ಮೋಟಾರು ನಡೆಯುವಾಗ ಬೆಳಕಿಲ್ಲ, ಬಾಗಿಲ ಬೆಳಕಿನಲ್ಲೇ ಕೆಲಸ. ಗಾಲಿಗೆ ದಾರ ಕಟ್ಟಿ ಒಂದಕ್ಕೆ ಇಟ್ಟೆ. ಗುಂಯ್ ಅಂತು, ತಿರುಗಲಿಲ್ಲ. ಬೆರಳಿನಿಂದ ದೂಡಿದರೆ ತಿರುಗಿತು. ಉಣ್ಣೆಯಲ್ಲಿ ಒಂದು ಮುಳ್ಳಿನ ಚೂರು ಬಂತು, ನಿಂತಿತು. ಮತ್ತೆ ದೂಡಿದೆ. ಐದಕ್ಕೆ ಇಟ್ಟರೆ ನೂಲು ಹಾರಿಹೋಯಿತು. ಗುಂಡಿ ತಿರುವಲು ಕೈ ಬೇಕು, ನನಗೆ ತಿರುವಲು ಬರುತ್ತಿದ್ದದ್ದು ಎಡಗೈಯೊಂದೇ, ಅದರಲ್ಲಿ ಉಣ್ಣೆ.

ಬಾಜೂ ಮನೆಯವಳು ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದಳು. "ಗಾಳಿ ತಳ್ಳಿದ ಮೋಟಾರಿಗೆ ಉಣ್ಣಿ ಏನು ಗೊತ್ತಾಗಬೇಕು ಬೇ," ಅಂದಳು. ಸರಿಯಾದ ಮಾತು. ಮರುದಿನ ಅದನ್ನು ರಾಯಚೂರಿಗೆ ವಾಪಸ್ ಒಯ್ದೆ.

ಈ ಸಲ ಮಿಸ್ತ್ರಿ ನನಗೆ ಚಹಾ ತರಿಸಿ, ಮೂರು ಮೋಟಾರುಗಳನ್ನು ಸಾಲಾಗಿ ಇಟ್ಟ. ಒಂದೊಂದಕ್ಕೂ ಕರೆಂಟು ಕೊಟ್ಟು, ತಿರುಗುವ ಕಡ್ಡಿಯನ್ನು ಬಟ್ಟೆ ಸುತ್ತಿ ಹಿಡಿ ಅಂದ. ಫ್ಯಾನಿನದನ್ನು ಎರಡು ಬೆರಳಿನಲ್ಲಿ ನಿಲ್ಲಿಸಿದೆ. ಪಂಪಿನದನ್ನು ಮುಟ್ಟಲು ಅವನೇ ಬಿಡಲಿಲ್ಲ. "ಇದು ಒಂದೇ ಮಾತು ಬಲ್ಲದ್ದು ಅಮ್ಮಾ, ಜೋರು. ನಿನ್ನ ಇನ್ನೊಂದು ಕೈನೂ ಒಯ್ತದ," ಅಂದ. ಮೂರನೆಯದು ಹೊಲಿಗೆ ಮಿಷನ್ನಿನದು, ಅಂಗೈಯಲ್ಲಿ ಹಿಡಿಯುವಷ್ಟು. ಅದರ ಪೆಡಲನ್ನು ನಾನು ಒತ್ತಿದೆ. ನಿಧಾನ ತಿರುಗಿಸಿ ಕಡ್ಡಿ ಹಿಡಿದರೆ ಇದೂ ನಿಂತಿತು. ಆದರೆ ಹಿಡಿದಷ್ಟು ಹೊತ್ತು ಒಳಗಿನಿಂದ ನೂಕುತ್ತಲೇ ಇತ್ತು, ಸತ್ತು ಹೋಗಲಿಲ್ಲ.

"ಇದೂ ನಿಲ್ತದಲ್ಲ," ಅಂದೆ.

"ಸೀದಾ ಹಿಡದ್ರ ನಿಲ್ತದ. ಇದರ ಪುಲ್ಲಿ ನೋಡು, ಬೆರಳಿನಷ್ಟದ. ನಿನ್ನ ರಾಟಿ ಗಾಲಿ ಎಷ್ಟದ?"

ಕೈ ಅಗಲಿಸಿ ತೋರಿಸಿದೆ, ಎಡಗೈಯೊಂದೇ ಅಗಲವಾಯಿತು. ಅವನು ನನ್ನ ಬಲಗೈ ಒಮ್ಮೆ ನೋಡಿ ಮಾತು ಮುಂದುವರಿಸಿದ.

"ಸಣ್ಣ ಪುಲ್ಲಿಯಿಂದ ಆ ದೊಡ್ಡ ಗಾಲಿಗೆ ದಾರ ಹಾಕು. ಮೋಟಾರು ಇಲ್ಲಿ ಓಡ್ತದ, ಗಾಲಿ ಅಲ್ಲಿ ತೆವಳತದ. ಓಟ ಕಳಕೊಂಡಷ್ಟು ತಾಕತ್ತು ಬರ್ತದ."

"ಗಾಲಿ ಯಾಕ ಬೇಕು? ಸೀದಾ ಕದಿರಿಗೆ ಕಟ್ಟಿದ್ರ?"

"ಕಟ್ಟಿ ನೋಡು. ಆಮ್ಯಾಲ ನೂಲು ಹುಡಕ್ಕೊಂಡು ಗಿಲ್ಲೆಸುಗೂರಿಗೆ ಹೋಗು."

ಮೋಟಾರು ಆಯಿತು. ಪೆಡಲು ಉಳಿಯಿತು. ಅವನ ಹತ್ತಿರ ಎರಡಿದ್ದವು. ಒಂದು ಹೊಸದು, ಕೆಂಪು ಬಣ್ಣ. ಒಂದು ಹಳೆಯದು, ಮೂಲೆ ಒಡೆದದ್ದು. ನಾನು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಎರಡನ್ನೂ ಒತ್ತಿ ನೋಡಿದೆ. ಹೊಸದು ಮೊದಲು ಸುಮ್ಮನಿದ್ದು, ಆಮೇಲೆ ಒಮ್ಮೆಲೇ ಜಿಗಿಯುತ್ತಿತ್ತು. ಮೂರು ಮೆಟ್ಟಿಲು ಇದ್ದಂತೆ, ನಡುವೆ ಏನೂ ಇಲ್ಲ. ಹಳೆಯದು ಹಾಗಲ್ಲ. ಹೆಬ್ಬೆರಳು ಊರಿದರೆ ಮೋಟಾರು ಎದ್ದೇಳಬೇಕೋ ಬೇಡವೋ ಅನ್ನುವಂತೆ ಅಲುಗುತ್ತಿತ್ತು, ಇನ್ನಷ್ಟು ಊರಿದರೆ ಇನ್ನಷ್ಟು. ಮಿಸ್ತ್ರಿ ಅದರ ಹೊಟ್ಟೆ ಬಿಚ್ಚಿ ತೋರಿಸಿದ. ಒಳಗೆ ಕರಿ ಬಿಲ್ಲೆಗಳ ಸಾಲು. ಒತ್ತಿದಷ್ಟು ಬಿಲ್ಲೆಗಳು ಬಿಗಿಯಾಗಿ ಕೂಡುತ್ತವೆ, ಕೂಡಿದಷ್ಟು ಕರೆಂಟು ದಾಟುತ್ತದೆ. ನಾನು ಮೂವತ್ತು ನಲವತ್ತು ಸಲ ಒತ್ತಿದೆ. ಅವನು ಬೇರೆ ಗಿರಾಕಿ ನೋಡಿ ಬಂದ, ನಾನಿನ್ನೂ ಒತ್ತುತ್ತಿದ್ದೆ.

"ಹಳೇದೇ ಕೊಡು."

"ಅದು ಬಿಸಿಯಾಗ್ತದ. ಅರ್ಧಕ್ಕ ಒತ್ತಿ ಭಾಳ ಹೊತ್ತು ಕುಂತ್ರ ಕಾಲು ಸುಡ್ತದ."

"ಸುಟ್ರ ತಗೀತೀನಿ."

ಕಟ್ಟಿಕೊಡುವಾಗ ಅವನು ಇನ್ನೊಂದು ಮಾತು ಕೇಳಿದ. "ಯಾವ ಕಡಿ ತಿರುಗಬೇಕು? ಇದು ಒಂದೇ ಕಡಿ ತಿರುಗೋ ಮೋಟಾರು."

"ಯಾವ ಕಡಿಗಾರ ತಿರುಗಲಿ. ನಿಧಾನ ತಿರುಗಿದ್ರ ಸಾಕು," ಅಂದೆ.

ಅದು ನಾನು ಹೇಳಬಾರದಿದ್ದ ಮಾತು.

ಮನೆಯಲ್ಲಿ ಒಂದು ಹಲಗೆಗೆ ಮೋಟಾರು ಕೂಡಿಸಿ, ಹಳೇ ಕಂಬಳಿ ತುಂಡು ಹಾಸಿ ಕೂತೆ. ಕಾಲು ಊರಿದೆ. ಮೋಟಾರು ಕಿರ್ರೆಂದು ಓಡಿತು, ಗಾಲಿ ಮಾತ್ರ ಮುದಿ ಎತ್ತಿನಂತೆ ಸಾವಕಾಶ ಎದ್ದು ತಿರುಗಿತು. ಉಣ್ಣೆ ಎಳೆದೆ. ನೂಲು ಬಂತು. ಮುಳ್ಳಿನ ಚೂರು ಬಂದರೆ ಗಾಲಿ ತುಸು ತಡೆದು ಅದನ್ನು ದಾಟಿಕೊಂಡು ಹೋಯಿತು. ಎಳೆ ಮುಗಿದ ಮೇಲೆ ಗಾಲಿಯನ್ನು ತುಸು ಹಿಂದಕ್ಕೆ ಸರಿಸಿ, ನೂಲನ್ನು ಕದಿರಿಗೆ ಸುತ್ತಬೇಕು. ಕಾಲು ತೆಗೆದು, ಸೊಟ್ಟ ಬಲಗೈಯ ಅಂಗೈ ಗಾಲಿಗೆ ಒತ್ತಿ ಹಿಂದಕ್ಕೆ ಸರಿಸಿದೆ. ಅಷ್ಟು ಆ ಕೈಯಿಂದ ಆಗುತ್ತಿತ್ತು.

ಗಾಲಿ ಮೊದಲು ನನ್ನ ಕಡೆ ಬರುತ್ತಿತ್ತು, ಈಗ ಆಚೆ ಹೋಗುತ್ತಿತ್ತು. ಕಂಡೆ. ಕಾಣಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಬೆರಳಿಗೂ ಏನೋ ಬೇರೆ ಅನಿಸುತ್ತಿತ್ತು. ಬಲಗೈ ಕೆಲಸದಲ್ಲಿ ಇಲ್ಲದ್ದಕ್ಕೆ ಹಾಗೆ ಅನಿಸುತ್ತದೆ ಅಂದುಕೊಂಡೆ. ಮೂವತ್ತು ವರ್ಷ ಕೈ ತಾನೇ ತಿರುಗಿಸುತ್ತಿತ್ತು, ಯಾವ ಕಡೆ ಅಂತ ನಾನು ಒಂದು ದಿನವೂ ವಿಚಾರ ಮಾಡಿದವಳಲ್ಲ.

ಕಟ್ಟೆಗೆ ರಾಟಿ ಒಯ್ಯಲು ಈಗ ಬರುತ್ತಿರಲಿಲ್ಲ. ಅಲ್ಲಿ ಕರೆಂಟಿಲ್ಲ. ಬಾಜೂ ಮನೆಯವಳು ಮೊದಲೆರಡು ದಿನ ತನ್ನ ರಾಟಿಯನ್ನೇ ನನ್ನ ಹೊಸ್ತಿಲಿಗೆ ತಂದಿಟ್ಟುಕೊಂಡು ಕೂತಳು. ಏನಾದರೂ ಅನ್ನುತ್ತಿದ್ದಳು. ಮೋಟಾರಿನ ಸದ್ದಿಗೆ ಕೇಳುತ್ತಿರಲಿಲ್ಲ. "ಆಂ?" ಅಂತ ನಾನು ಕಾಲು ತೆಗೆಯುತ್ತಿದ್ದೆ, ನೂಲು ಹರಿಯುತ್ತಿತ್ತು.

"ನಿನ್ನ ಕೂಡ ಮಾತಾಡಬೇಕಂದ್ರ ಲೈನ್‌ಮ್ಯಾನನ್ನ ಕೇಳಬೇಕು ನೋಡು," ಅಂದಳು.

ಮೂರನೇ ದಿನ ಅವಳು ಕಟ್ಟೆಗೆ ಹೋದಳು. ನನಗೆ ಸಿಟ್ಟು ಬರಲಿಲ್ಲ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ತಿಂಗಳೊಪ್ಪತ್ತಿನಲ್ಲಿ ಹತ್ತು ಉಂಡೆ ನೂಲು ಮಾಡಿ ಮಾವನಿಗೆ ಕೊಟ್ಟೆ. ಅವನು ಎಲ್ಲರ ನೂಲಿನ ಜೊತೆ ಅದನ್ನೂ ಸೇರಿಸಿ ನೇಯ್ದ. ನೇಯ್ದು, ಹುಣಸೆ ಬೀಜದ ಗಂಜಿ ಹಚ್ಚಿ, ಕಟ್ಟೆಯ ಮುಂದೆ ಬಿಸಿಲಿಗೆ ಹಾಸಿದ. ಆಮೇಲೆ ನನ್ನನ್ನು ಕರೆಸಿದ. ನಾನು ಹೋಗುವಾಗ ಸಾಲಿನವರೆಲ್ಲ ರಾಟಿ ನಿಲ್ಲಿಸಿಕೊಂಡು ಕೂತಿದ್ದರು.

ಕರಿ ಕಂಬಳಿ. ನಡುವೆ ಒಂದು ಗೇಣಗಲ ಪಟ್ಟೆ. ಬಣ್ಣ ಅದೇ, ಉಣ್ಣೆ ಅದೇ. ಆದರೆ ಬಿಸಿಲು ಅದರ ಮೇಲೆ ಬೇರೆ ರೀತಿ ಬೀಳುತ್ತಿತ್ತು. ಈ ಕಡೆ ನಿಂತರೆ ಬೆಳ್ಳಗೆ, ಆ ಕಡೆ ನಿಂತರೆ ಕರ್ರಗೆ.

ಮಾವ ನನ್ನ ಒಂದು ಉಂಡೆಯಿಂದ ಎಳೆ ಕಿತ್ತು, ಎರಡು ಬೆರಳಲ್ಲಿ ಹುರಿ ಬಿಚ್ಚಿ ತೋರಿಸಿದ. "ಇದು ಎಡಹುರಿ ಬೇ."

ನಮ್ಮಲ್ಲಿ ಎಡಕ್ಕೆ ಹುರಿ ಮಾಡಿದ ದಾರ ಒಂದೇ ಕೆಲಸಕ್ಕೆ. ಚಟ್ಟ ಕಟ್ಟಲು.

"ಈ ಕಂಬಳಿನ ದೇವರ ಗದ್ದಿಗಿಗೆ ಹೇಳಿದ್ರು," ಅಂದ ಮಾವ. "ಯಾರು ಕುಂದರಬೇಕು ಇದರ ಮ್ಯಾಲ? ಯಾರು ಹೊದೀಬೇಕು?"

"ನನಗ ತಿಳೀಲಿಲ್ಲ ಮಾವ. ಮೋಟಾರು ಆ ಕಡಿ ತಿರುಗತದ."

"ಮೋಟಾರಿಗೆ ಸಾವು ಹುಟ್ಟು ಇಲ್ಲ. ನಿನಗ ಅವು ಅದಾವಲ್ಲ."

ಸಾಲಿನಿಂದ ಯಾರೋ ಒಬ್ಬಳು, "ಒಬ್ಬಾಕಿ ಒಳಗ ಕುಂತು ಏನು ಹೊಸೀತಾಳಂತ ಯಾರಿಗೆ ಗೊತ್ತವ್ವ," ಅಂದಳು. ಬಾಜೂ ಮನೆಯವಳು ಅಲ್ಲ. ಅವಳು ತಲೆ ಎತ್ತಲಿಲ್ಲ, ಅಷ್ಟೇ.

ಮಾವ ಉಳಿದ ಉಂಡೆಗಳನ್ನು ನನ್ನ ಉಡಿಗೆ ಹಾಕಿದ. ಉಣ್ಣೆ ಕೊಡಲಿಲ್ಲ. ಪಟ್ಟೆಯನ್ನು ಬಿಚ್ಚಿ ಮತ್ತೆ ನೇಯಲು ಅವನಿಗೆ ಎಂಟು ದಿನ ಹಿಡಿಯಿತು ಅಂತ ಆಮೇಲೆ ಕೇಳಿದೆ.

ಯುಗಾದಿಗೆ ಇನ್ನು ಮೂರು ವಾರ. ಉಣ್ಣೆ ಇಲ್ಲ. ಮೋಟಾರಿನ ಮೇಲೆ ಒಂದು ಬಟ್ಟೆ ಹಾಕಿ ಮುಚ್ಚಿದೆ. ಓಣಿಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ನೀರಿಗೆ ಹೋದರೆ ಕೊಡ ಸರಿಸಿ ಜಾಗ ಮಾಡಿಕೊಡುತ್ತಿದ್ದರು, ಬೇಕಾದ್ದಕ್ಕಿಂತ ಹೆಚ್ಚು ಜಾಗ. ದೇವದುರ್ಗಕ್ಕೆ ಹೊರಟವರು ಸಿಕ್ಕಿ, ಅಣ್ಣನಿಗೆ ಏನು ಹೇಳಲಿ ಅಂದರು. ಏನೂ ಹೇಳಬೇಡ ಅಂದೆ.

ಒಂದು ಬೆಳಿಗ್ಗೆ ಜೋಳ ಬೀಸಲು ಗಿರಣಿಗೆ ಹೋದೆ. ಸರದಿ ಬರುವ ತನಕ ಹಿಟ್ಟಿನ ಧೂಳಿನಲ್ಲಿ ಕೂತು ಮೋಟಾರು ನೋಡುತ್ತಿದ್ದೆ. ನನಗೆ ಆಗ ಬೇರೆ ಏನೂ ಕಣ್ಣಿಗೆ ಬೀಳುತ್ತಿರಲಿಲ್ಲ. ಅಲ್ಲಿ ಮೋಟಾರಿನಿಂದ ಬೀಸುಗಲ್ಲಿಗೆ ಅಗಲ ಪಟ್ಟಾ ಹೋಗುತ್ತದೆ. ಎಷ್ಟು ವರ್ಷದಿಂದ ನೋಡಿದ್ದೇನೋ. ಆ ಪಟ್ಟಾ ನೇರ ಇರಲಿಲ್ಲ. ನಡುವೆ ಕತ್ತರಿಯಂತೆ ಒಂದರ ಮೇಲೊಂದು ಹಾಯ್ದಿತ್ತು.

ಗಿರಣಿಯವನನ್ನು ಕೇಳಿದೆ. "ಪಟ್ಟಾ ಯಾಕ ತಿರುವಿ ಹಾಕೀರಿ?"

"ಮೋಟಾರು ಉಲ್ಟಾ ಅದವ್ವ. ಹಂಗ ಹಾಕಿದ್ರ ಕಲ್ಲು ಸೀದಾ ತಿರುಗತದ."

ಜೋಳ ಅಲ್ಲೇ ಬಿಟ್ಟು ಮನೆಗೆ ಬಂದೆ. ಬಟ್ಟೆ ತೆಗೆದು, ಮೋಟಾರಿನ ದಾರ ಬಿಚ್ಚಿ, ಕತ್ತರಿ ಹಾಯಿಸಿ ಹಾಕಿದೆ. ಕಾಲು ಊರಿದೆ. ಗಾಲಿ ನನ್ನ ಕಡೆ ಬಂತು.

ಹೊಸ ತೊಂದರೆ ಅಂದರೆ, ಹಾಯ್ದ ಜಾಗದಲ್ಲಿ ದಾರಕ್ಕೆ ದಾರ ತಿಕ್ಕಿ ಎರಡು ದಿನಕ್ಕೊಮ್ಮೆ ಹರಿಯುತ್ತಿತ್ತು. ಉಡಿಯಲ್ಲಿ ತಂದಿದ್ದ ಎಡಹುರಿ ಉಂಡೆಗಳಿದ್ದವಲ್ಲ. ನಾಲ್ಕು ಎಳೆ ಕೂಡಿಸಿ ಹೊಸೆದರೆ ಗಟ್ಟಿ ಹಗ್ಗ. ಅದನ್ನೇ ಹಾಕುತ್ತ ಬಂದೆ. ಚಟ್ಟದ ದಾರ ನನ್ನ ಗಾಲಿ ಎಳೆಯಿತು, ನನಗೇನೂ ಆಗಲಿಲ್ಲ.

ಉಣ್ಣೆ ಇರಲಿಲ್ಲ ಅಂದೆನಲ್ಲ. ಹಾಸಿದ್ದ ಹಳೇ ಕಂಬಳಿ ತುಂಡನ್ನೇ ಹಿಂಜಿ ಒಂದು ಉಂಡೆ ನೂಲು ಮಾಡಿ ಮಾವನ ಮನೆಗೆ ಒಯ್ದೆ. ಅವನು ಮಗ್ಗದ ಗುಂಡಿಯಲ್ಲಿ ಕೂತಿದ್ದ. ಎಳೆ ಕಿತ್ತು ಹುರಿ ಬಿಚ್ಚಿದ. ಇನ್ನೊಂದು ಕಡೆಯಿಂದ ಕಿತ್ತು ಬಿಚ್ಚಿದ. ಉಂಡೆಯ ಒಳಗೆ ಬೆರಳು ಹಾಕಿ ಅಲ್ಲಿಂದಲೂ ಎಳೆದ. ನಾನು ನಿಂತೇ ಇದ್ದೆ. ಅವನು ಬೇಡ ಅಂದಿದ್ದರೆ ಮರುದಿನವೇ ಗಂಟು ಕಟ್ಟಬೇಕಿತ್ತು, ಅದು ಅವನಿಗೂ ಗೊತ್ತಿತ್ತು.

"ಇದನ್ನ ನೀನೇ ನೂತೀಯಾ?" ಅಂದ.

"ನಾನೇ."

"ಸಮ ಅದ. ಕೈಯಿಂದ ನೂತದ್ದಕ್ಕಿಂತ ಸಮ ಅದ." ಹೊಗಳಿದ್ದಲ್ಲ, ಅನುಮಾನದ ದನಿ. ಆದರೂ ಮೂಲೆಯಲ್ಲಿದ್ದ ಉಣ್ಣೆಯ ಗಂಟನ್ನು ಕಾಲಿನಿಂದ ನನ್ನ ಕಡೆ ನೂಕಿದ. "ಗದ್ದಿಗಿ ಕಂಬಳಿಗೆ ನಿನ್ನ ನೂಲು ಹಾಕಂಗಿಲ್ಲ ಮತ್ತ. ಬ್ಯಾರೇದಕ್ಕ ಹಾಕ್ತೀನಿ."

"ಹಾಕಬ್ಯಾಡ," ಅಂದೆ. ಗಂಟು ಹೊತ್ತುಕೊಂಡು ಬಂದೆ.

ಅಣ್ಣ ಯುಗಾದಿ ಮುಗಿದ ಮೂರನೇ ದಿನ ಬಂದ. ನಾನು ನೂಲುತ್ತಿದ್ದೆ. ಹೊಸ್ತಿಲಲ್ಲಿ ನಿಂತು ಏನೋ ಅಂದ, ಕೇಳಲಿಲ್ಲ. ಎಳೆ ಅರ್ಧಕ್ಕಿತ್ತು, ಮುಗಿಸಿ ಸುತ್ತಿ ಕಾಲು ತೆಗೆದೆ.

"ಗಂಟು ಕಟ್ಟಿಲ್ಲೇನು ಬೇ?"

"ಯಾಕ ಕಟ್ಟಬೇಕು?"

"ಕರಕೊಂಡು ಹೋಗಾಕ ಬಂದೀನಿ."

"ಮಾವ ಉಣ್ಣಿ ಕೊಟ್ಟಾನ. ಇದು ಮುಗದ್ರ ಇನ್ನಷ್ಟು ಕೊಡ್ತಾನ."

ಅವನು ಕೂತು ಮೋಟಾರು ನೋಡಿದ, ಗಾಲಿ ನೋಡಿದ, ನನ್ನ ಕಾಲು ನೋಡಿದ. ಪೆಡಲಿನ ಬಿಸಿಗೆ ಹೆಬ್ಬೆರಳ ಕೆಳಗೆ ಚರ್ಮ ಕಪ್ಪಾಗಿತ್ತು. ತಿರುಗಿಸಿ ತೋರಿಸು ಅಂದ. ತೋರಿಸಿದೆ. ನಿಲ್ಲಿಸಿದ ಮೇಲೆ ಕೇಳಿದ, "ದಿನಾ ಇದೇ ಸಪ್ಪಳದಾಗ ಒಬ್ಬಾಕಿ ಕುಂದರ್ತಿ?"

"ಹೂಂ."

"ಮಾತಾಡಾಕ ಯಾರರ ಅದಾರಿಲ್ಲ?"

"ಯಾರಿಲ್ಲ."

"ಮತ್ತ?"

"ಮತ್ತೇನು. ಯಾರಿಲ್ಲ."

ರೊಟ್ಟಿ, ಪುಂಡಿಪಲ್ಲೆ ಬಡಿಸಿದೆ. ಅವನು ಉಂಡ, ಗಂಗಾಳ ನಾನೇ ತೊಳೆದೆ. ಸಂಜೆಯ ಬಸ್ಸಿಗೆ ಹೊರಟ. ಓಣಿಯ ತುದಿಯ ತನಕ ಕಳಿಸಲು ಹೋದೆ. ಅವನು ತಿರುಗಿ ನೋಡಿದ, ನಾನು ಕೈ ಎತ್ತಲಿಲ್ಲ. ಬಲಗೈ ಅಷ್ಟು ಮೇಲೆ ಏಳುತ್ತಿರಲಿಲ್ಲ, ಎಡಗೈ ಎತ್ತಬೇಕು ಅಂತ ಹೊಳೆಯಲಿಲ್ಲ.

ವಾಪಸ್ ಬರುವಾಗ ಕಟ್ಟೆಯ ಮೇಲೆ ಸಾಲು ಇನ್ನೂ ಕೂತಿತ್ತು. ಬಾಜೂ ಮನೆಯವಳು ಕೇಳಿದಳು, "ಅಣ್ಣ ಹೋದನೇನು?"

"ಹೋದ."

"ನೀ ಹೋಗಲಿಲ್ಲ?"

"ಇಲ್ಲ."

ಅವಳು ತನ್ನ ರಾಟಿಯನ್ನು ಒಂದಿಷ್ಟು ಆಚೆ ಸರಿಸಿದಳು. "ಕುಂದರು ಬಾ."

ಆ ಜಾಗದಲ್ಲಿ ರಾಟಿ ಇಲ್ಲದೆ ನಾನು ಎಂದೂ ಕೂತವಳಲ್ಲ. ಕೂತರೆ ಕೈ ಎಲ್ಲಿಡಬೇಕು ತಿಳಿಯಲಿಲ್ಲ. "ಉಣ್ಣಿ ಉಳದದ," ಅಂದು ಮನೆಗೆ ಬಂದೆ. ಬಾಗಿಲಲ್ಲಿ ಇನ್ನೂ ಸ್ವಲ್ಪ ಬೆಳಕಿತ್ತು, ಕರೆಂಟೂ ಇತ್ತು. ಕೂತು ಕಾಲು ಊರಿದೆ.